ಹೆಸರು ಒಬ್ಬರದು, ಬಾಕಿ ಇನ್ನೊಬ್ಬರದು
ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ನನ್ನ ಖಾಲಾ ಅವರ ಮಗನನ್ನು ನಾವೆಲ್ಲ ಭಾಯಿ ಎಂದೇ ಕರೆಯುತ್ತೇವೆ. ಅವರಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಸಂಜಯನಗರದಲ್ಲಿ ಮನೆಯವರು ನಡೆಸುವ ಬಟ್ಟೆ ಅಂಗಡಿಯ ಬಾಕಿ ಲೆಕ್ಕವನ್ನು ಅವರೇ ಬರೆಯುತ್ತಾರೆ. ಲೆಕ್ಕ ಇರುವುದು ಎಕ್ಸೆಲ್‌ನಲ್ಲಿ. ಅದನ್ನು ಅವರಿಗೆ ಓದಿ ಹೇಳುವುದು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್.

ಎನ್‌ವಿಡಿಎ ಉಚಿತ ತಂತ್ರಾಂಶ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ದೃಷ್ಟಿಹೀನ ಯುವಕ 2006ರಲ್ಲಿ ಇದನ್ನು ಬರೆಯಲು ಆರಂಭಿಸಿದರು. ಪರದೆಯ ಮೇಲೆ ಇರುವುದನ್ನು ಇದು ಧ್ವನಿಯಲ್ಲಿ ಹೇಳುತ್ತದೆ. ಇದರೊಂದಿಗೆ ಬರುವ ಇಸ್ಪೀಕ್ ಎನ್‌ಜಿ ಎಂಬ ಧ್ವನಿ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಎನ್‌ವಿಡಿಎಯ ಬಹುಭಾಗ ಪೈಥಾನ್ ಭಾಷೆಯಲ್ಲಿದೆ. ಆದ್ದರಿಂದ ಯಾರು ಬೇಕಾದರೂ ಪೈಥಾನ್‌ನಲ್ಲಿ ಚಿಕ್ಕ ಆಡ್-ಆನ್ ಬರೆದು ಅದಕ್ಕೆ ಜೋಡಿಸಬಹುದು.

ಭಾಯಿ ಹತ್ತಿರ ಒಂದು ಹಳೆಯ ಎಕ್ಸೆಲ್ ಮ್ಯಾಕ್ರೊ ಇತ್ತು. ಅದು ವಿಬಿಎ ಭಾಷೆಯಲ್ಲಿತ್ತು. ಗ್ರಾಹಕರ ಹೆಸರು, ಬಿಲ್ ಸಂಖ್ಯೆ, ಕೊನೆಯ ದಿನಾಂಕ, ಬಾಕಿ, ಕೊನೆಗೆ ಒಟ್ಟು ಮೊತ್ತ, ಎಲ್ಲವನ್ನೂ ಅದು ಹೇಳುತ್ತಿತ್ತು. ಆದರೆ ಎಕ್ಸೆಲ್ ಕಿಟಕಿ ಮುಂದೆ ಇದ್ದಾಗ ಮಾತ್ರ. ಬೇರೆ ಕೆಲಸದ ನಡುವೆ ಒಂದು ಕೀ ಒತ್ತಿದರೆ ಸಾಕು, ಬಾಕಿ ಕೇಳಿಸಬೇಕು ಎಂದು ಅವರ ಆಸೆ. ಪರಿಚಯದವರೊಬ್ಬರು ಅದೇ ಮ್ಯಾಕ್ರೊವನ್ನು ಸಾಲು ಸಾಲಾಗಿ ಪೈಥಾನ್‌ಗೆ ತಿರುಗಿಸಿ ಆಡ್-ಆನ್ ಮಾಡಿಕೊಟ್ಟರು.

ತೊಂದರೆ ಶುರುವಾದದ್ದು ಅಲ್ಲಿಂದ. ಬಿಲ್ ಸಂಖ್ಯೆ 101 ಇದ್ದರೆ ಅದು 101.0 ಎಂದು ಓದುತ್ತಿತ್ತು. ಒಟ್ಟು ಮೊತ್ತದ ಕೀ ಒತ್ತಿದರೆ ಮಾತೇ ಇಲ್ಲ. ಇವೆರಡನ್ನೂ ಭಾಯಿ ಸಹಿಸಿಕೊಂಡಿದ್ದರು. ಒಂದು ದಿನ ಒಬ್ಬ ಹೆಂಗಸಿಗೆ ಇನ್ನೊಬ್ಬರ ಬಾಕಿಯನ್ನು ಹೇಳಿಬಿಟ್ಟರು. ಆಕೆಗೆ ಬೇಸರವಾಯಿತು. ಅಂದು ಸಂಜೆ ಭಾಯಿ ನನಗೆ ಹೇಳಿದರು, "ಇನ್ನು ಮೇಲೆ ಲೆಕ್ಕ ಬೇರೆಯವರೇ ನೋಡಿಕೊಳ್ಳಲಿ." ಆ ಮಾತು ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿತು. ನಾನು ವಾಣಿಜ್ಯ ವಿದ್ಯಾರ್ಥಿ. ಪೈಥಾನ್ ಅಲ್ಪಸ್ವಲ್ಪ ಕಲಿತಿದ್ದೆ, ಅಷ್ಟೇ. ನಾವಿಬ್ಬರೂ ಸೇರಿ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಪ್ಪು ಎಲ್ಲಿದೆ ಎಂದು ತಿಳಿಯಬೇಕು. ಎನ್‌ವಿಡಿಎಯನ್ನು ಆಡ್-ಆನ್‌ಗಳಿಲ್ಲದೆ ಮತ್ತೆ ಶುರು ಮಾಡುವ ಆಯ್ಕೆ ಅದರಲ್ಲೇ ಇದೆ. ಹಾಗೆ ಮಾಡಿ ಬಾಣದ ಕೀಗಳಿಂದ ಒಂದೊಂದೇ ಕೋಶಕ್ಕೆ ಹೋದೆವು. ಎಲ್ಲವೂ ಸರಿಯಾಗಿ ಕೇಳಿಸಿತು. ಅಂದರೆ ಎಕ್ಸೆಲ್ ಹಾಳೆ ಸರಿ, ಎನ್‌ವಿಡಿಎ ಸರಿ, ತಪ್ಪು ಆಡ್-ಆನ್‌ನದು. ಬಳಿಕ ಆಡ್-ಆನ್ ಸೇರಿಸಿ, ಇನ್ಸರ್ಟ್ ಜೊತೆ ಎಫ್1 ಒತ್ತಿ ಲಾಗ್ ತೆರೆದೆವು. ಆಡ್-ಆನ್ ಬಾಯಿಬಿಟ್ಟು ಹೇಳದ ದೋಷಗಳೆಲ್ಲ ಅಲ್ಲಿ ದಾಖಲಾಗಿದ್ದವು. ಡೆಸಿಮಲ್ ಮತ್ತು ಫ್ಲೋಟ್ ಎಂಬ ಎರಡನ್ನು ಕೂಡಿಸಲಾಗದು ಎಂದು ಒಂದು ಸಾಲು ಹೇಳುತ್ತಿತ್ತು.

ಇದು ಅರ್ಥವಾಗಬೇಕಾದರೆ ಎಕ್ಸೆಲ್ ಮತ್ತು ಪೈಥಾನ್ ಹೇಗೆ ಮಾತಾಡುತ್ತವೆ ಎಂದು ತಿಳಿಯಬೇಕು. ವಿಂಡೋಸ್‌ನಲ್ಲಿ ಕಾಮ್ ಎಂಬ ವ್ಯವಸ್ಥೆ ಇದೆ. ಅದು ಎರಡು ತಂತ್ರಾಂಶಗಳ ನಡುವಿನ ಕೌಂಟರ್ ಇದ್ದ ಹಾಗೆ. ಪ್ರತಿ ಮೌಲ್ಯವೂ ವೇರಿಯಂಟ್ ಎಂಬ ಲಕೋಟೆಯಲ್ಲಿ ಬರುತ್ತದೆ. ಲಕೋಟೆಯ ಮೇಲೆ ಒಂದು ಚೀಟಿ: ಇದು ಸಂಖ್ಯೆ, ಇದು ಹಣ, ಇದು ದಿನಾಂಕ, ಇದು ಖಾಲಿ. ಒಳಗಿನ ಅಂಕಿ ಒಂದೇ ಇದ್ದರೂ ಚೀಟಿ ಬದಲಾದರೆ ಅರ್ಥ ಬದಲಾಗುತ್ತದೆ.

ನಮ್ಮ ಮನೆಯ ಮಾತಿನಲ್ಲೇ ಉದಾಹರಣೆ ಇದೆ. ಉರ್ದುವಿನಲ್ಲಿ 'ಕಲ್' ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ಕ್ರಿಯಾಪದ ನೋಡಿ ನಮಗೆ ಗೊತ್ತಾಗುತ್ತದೆ. ಆದರೆ ಆ ಒಂದು ಪದವನ್ನು ಮಾತ್ರ ಕನ್ನಡಕ್ಕೆ ತಿರುಗಿಸಿ ಎಂದರೆ ಯಾರಿಂದಲೂ ಆಗದು. ಯಾವ 'ಕಲ್' ಎಂದು ಮೊದಲು ಕೇಳಲೇಬೇಕು. ವಿಬಿಎ ಮನೆಯವರ ಹಾಗೆ, ಕೇಳದೆ ಊಹಿಸಿಕೊಳ್ಳುತ್ತದೆ. ಪೈಥಾನ್ ಹೊರಗಿನವರ ಹಾಗೆ, ಸ್ಪಷ್ಟವಾಗಿ ಹೇಳಿ ಎನ್ನುತ್ತದೆ. ಸಾಲು ಸಾಲಾಗಿ ತಿರುಗಿಸಿದಾಗ ವಿಬಿಎ ಮೌನವಾಗಿ ಮಾಡುತ್ತಿದ್ದ ಕೆಲಸಗಳೆಲ್ಲ ಬಿಟ್ಟುಹೋಗಿದ್ದವು.

ಒಂದೊಂದಾಗಿ ನೋಡೋಣ.

ಎಕ್ಸೆಲ್ ಎಲ್ಲ ಸಂಖ್ಯೆಗಳನ್ನೂ ದಶಮಾಂಶ ಇರಬಹುದಾದ ಸಂಖ್ಯೆಗಳಾಗಿಯೇ ಇಟ್ಟುಕೊಳ್ಳುತ್ತದೆ. ವಿಬಿಎ ಅದನ್ನು ಅಕ್ಷರಕ್ಕೆ ತಿರುಗಿಸುವಾಗ 101 ಎನ್ನುತ್ತದೆ. ಪೈಥಾನ್ ಇದ್ದದ್ದನ್ನು ಇದ್ದ ಹಾಗೆ 101.0 ಎನ್ನುತ್ತದೆ. ಓದುವ ಮೊದಲು ಪೂರ್ಣಾಂಕ ಮಾಡಿದರೆ ಸಾಕು.

ಒಟ್ಟು ಮೊತ್ತದ ಮೌನಕ್ಕೆ ಕಾರಣ ಬೇರೆ. ಬಾಕಿಯ ಕೆಲವು ಕೋಶಗಳಿಗೆ ರೂಪಾಯಿ ಗುರುತಿನ ಕರೆನ್ಸಿ ರೂಪ ಕೊಡಲಾಗಿತ್ತು, ಕೆಲವಕ್ಕೆ ಇಲ್ಲ. ಎಕ್ಸೆಲ್‌ನ ವ್ಯಾಲ್ಯೂ ಎಂಬ ಗುಣದಿಂದ ಕೇಳಿದರೆ ಮೊದಲನೆಯವು ಹಣ ಎಂಬ ಚೀಟಿಯೊಂದಿಗೆ, ಉಳಿದವು ಸಾಮಾನ್ಯ ಸಂಖ್ಯೆಯಾಗಿ ಬರುತ್ತವೆ. ಪೈಥಾನ್‌ನಲ್ಲಿ ಹಣ ಡೆಸಿಮಲ್ ಆಗುತ್ತದೆ, ಸಂಖ್ಯೆ ಫ್ಲೋಟ್ ಆಗುತ್ತದೆ. ವಿಬಿಎ ಎರಡನ್ನೂ ಕೂಡಿಸುತ್ತದೆ, ಪೈಥಾನ್ ನಿರಾಕರಿಸುತ್ತದೆ.

ನಾನು ಆತುರಪಟ್ಟು ವ್ಯಾಲ್ಯೂ ಇದ್ದಲ್ಲೆಲ್ಲ ವ್ಯಾಲ್ಯೂ2 ಎಂದು ಬದಲಿಸಿದೆ. ಅದು ಹಣವನ್ನೂ ಸಾಮಾನ್ಯ ಸಂಖ್ಯೆಯಾಗಿ ಕೊಡುತ್ತದೆ. ಒಟ್ಟು ಮೊತ್ತ ಕೇಳಿಸಿತು, ನಾನು ಹಿಗ್ಗಿದೆ. ಮರುಕ್ಷಣ ಭಾಯಿ ಕೇಳಿದರು, "ಇದೇನು, ದಿನಾಂಕ ನಲವತ್ತೈದು ಸಾವಿರ ಎನ್ನುತ್ತಿದೆ?" ಎಕ್ಸೆಲ್ 1900ರ ಜನವರಿ 1 ಅನ್ನು 1 ಎಂದು ಎಣಿಸಿ ದಿನಗಳನ್ನು ಲೆಕ್ಕ ಹಾಕುತ್ತದೆ. ಆ ಎಣಿಕೆಯಲ್ಲಿ 2024ರ ಏಪ್ರಿಲ್ 1 ಎಂದರೆ 45383. ವ್ಯಾಲ್ಯೂ2 ದಿನಾಂಕದ ಚೀಟಿಯನ್ನು ಕಿತ್ತುಹಾಕಿ ಬರೀ ಆ ಅಂಕಿ ಕೊಡುತ್ತದೆ. ಪರದೆಯಲ್ಲಿ ಕಾಣುವ ಅಕ್ಷರವನ್ನೇ ಕೊಡುವ ಟೆಕ್ಸ್ಟ್ ಗುಣವನ್ನೂ ಪ್ರಯತ್ನಿಸಿದೆವು. ಆದರೆ ಕಾಲಮ್ ಕಿರಿದಾದರೆ ದಿನಾಂಕದ ಬದಲು ######## ಬರುತ್ತದೆ. ಕೊನೆಗೆ ದಿನಾಂಕಕ್ಕೆ ವ್ಯಾಲ್ಯೂ ಉಳಿಸಿಕೊಂಡೆವು.

ಹಣವನ್ನು ಡೆಸಿಮಲ್‌ಗೆ ತಂದೆವು. ಇದಕ್ಕೂ ಕಾರಣ ಇದೆ. ಪೈಥಾನ್‌ನಲ್ಲಿ ಫ್ಲೋಟ್ ಆಗಿ 0.1 ಮತ್ತು 0.2 ಕೂಡಿಸಿದರೆ 0.30000000000000004 ಬರುತ್ತದೆ. ಪೈಸೆ ಪೈಸೆಗೂ ಲೆಕ್ಕ ಕೊಡಬೇಕಾದ ನಮಗೆ ಅದು ಬೇಡ.

ಖಾಲಿ ಕೋಶದಲ್ಲಿ ಇನ್ನೊಂದು ಪಾಠ ಇತ್ತು. ವಿಬಿಎ ಖಾಲಿಯನ್ನು ಸೊನ್ನೆ ಎಂದುಕೊಂಡು ಕೂಡಿಸುತ್ತದೆ. ಪೈಥಾನ್‌ಗೆ ಅದು ನನ್ ಎಂಬ ಬೇರೆಯೇ ವಸ್ತು. ನಾನು ಅದನ್ನು ಸೊನ್ನೆ ಮಾಡಲು ಹೊರಟೆ, ಭಾಯಿ ತಡೆದರು. ಬಾಕಿ ಸೊನ್ನೆ ಎಂದರೆ ಗ್ರಾಹಕರು ಹಣ ಕೊಟ್ಟು ಮುಗಿಸಿದ್ದಾರೆ. ಖಾಲಿ ಎಂದರೆ ನಾವು ಬರೆಯಲು ಮರೆತಿದ್ದೇವೆ. ಎರಡೂ ಒಂದೇ ಅಲ್ಲ. ಈಗ ಅಲ್ಲಿ "ನಮೂದಿಲ್ಲ" ಎಂದು ಕೇಳಿಸುತ್ತದೆ.

ಇಷ್ಟೆಲ್ಲ ಆದರೂ ಆ ಹೆಂಗಸಿನ ಬಾಕಿಯ ಗುಟ್ಟು ಬಿಡಿಸಿರಲಿಲ್ಲ. ಲಾಗ್‌ನಲ್ಲಿ ಅದರ ಬಗ್ಗೆ ದೋಷವೇ ಇರಲಿಲ್ಲ. ಒಂದು ಸುಳಿವು ಮಾತ್ರ ಇತ್ತು: ಪಟ್ಟಿಯ ಕೊನೆಯ ಗ್ರಾಹಕರ ಹೆಸರಿಗೆ ಬಂದಾಗಲೆಲ್ಲ ಆಡ್-ಆನ್ ನಿಂತುಹೋಗುತ್ತಿತ್ತು. ಕಾರಣ ಎಣಿಕೆಯಲ್ಲಿತ್ತು. ಹೆಸರನ್ನು ಆಡ್-ಆನ್ ನೇರವಾಗಿ ಕೋಶದಿಂದ ಓದುತ್ತಿತ್ತು, ಎಕ್ಸೆಲ್ ಸಾಲುಗಳ ಎಣಿಕೆ 1ರಿಂದ. ಬಾಕಿಗಳನ್ನು ಒಟ್ಟಿಗೆ ಒಂದು ಪಟ್ಟಿಯಾಗಿ ತರುತ್ತಿತ್ತು. ವಿಬಿಎಯಲ್ಲಿ ಆ ಪಟ್ಟಿಯ ಎಣಿಕೆಯೂ 1ರಿಂದ, ಪೈಥಾನ್‌ಗೆ ಬಂದ ಮೇಲೆ 0ಯಿಂದ. ಹಾಗಾಗಿ ಐದನೆಯ ಹೆಸರಿಗೆ ಆರನೆಯ ಬಾಕಿ ಬರುತ್ತಿತ್ತು. ಕೊನೆಯ ಹೆಸರಿಗೆ ಬಾಕಿಯೇ ಸಿಗದೆ ನಿಲ್ಲುತ್ತಿತ್ತು. ಒಂದು ಕಳೆದೆವು, ಎಲ್ಲ ಸರಿಹೋಯಿತು.

ನಾಲ್ಕು ದೋಷಗಳಲ್ಲಿ ಅತಿ ಕೆಟ್ಟದ್ದು ಇದೇ. ಉಳಿದವು ಏನೋ ತಪ್ಪಿದೆ ಎಂದು ತಾವೇ ತೋರಿಸಿಕೊಟ್ಟವು. ಇದು ಸರಿಯಾದ ಹೆಸರು, ನಂಬುವಂಥ ಮೊತ್ತ ಹೇಳಿ ಮೋಸ ಮಾಡಿತು. ನನಗೆ ಕಣ್ಣು ಇದೆ, ಅನುಮಾನ ಬಂದರೆ ಪರದೆ ನೋಡುತ್ತೇನೆ. ಭಾಯಿಗೆ ಆ ಧ್ವನಿಯೇ ಲೆಡ್ಜರ್. ಅದು ತಪ್ಪು ಹೇಳಿದರೆ ಕಳೆದುಹೋಗುವುದು ಅವರ ಮಾತಿನ ಮೇಲಿನ ನಂಬಿಕೆ.

ಹಾಗಾಗಿ ನಾವು ಮಾಡಿಕೊಂಡ ನಿಯಮ ಇಷ್ಟೇ. ಎರಡು ಭಾಷೆಗಳ ಗಡಿಯಲ್ಲೇ ಪ್ರತಿ ಕಾಲಮ್‌ಗೂ ಬಗೆ ಗೊತ್ತುಪಡಿಸಬೇಕು: ಬಿಲ್ ಪೂರ್ಣಾಂಕ, ಬಾಕಿ ಡೆಸಿಮಲ್, ದಿನಾಂಕ ದಿನಾಂಕವೇ, ಖಾಲಿ ಖಾಲಿಯೇ. ಅನುಮಾನ ಬಂದರೆ ಇನ್ಸರ್ಟ್, ಕಂಟ್ರೋಲ್, ಝಡ್ ಒಟ್ಟಿಗೆ ಒತ್ತಿ ಎನ್‌ವಿಡಿಎಯ ಪೈಥಾನ್ ಕನ್ಸೋಲ್ ತೆರೆಯಬೇಕು, ಟೈಪ್ ಎಂಬ ಆಜ್ಞೆಯಿಂದ ಬಂದದ್ದು ಏನು ಎಂದು ಕೇಳಬೇಕು. ಪರೀಕ್ಷೆಗೆ ನಿಜವಾದ ಲೆಕ್ಕ ಬೇಡ. ಮೂರು ಸಾಲಿನ ಸುಳ್ಳು ಹಾಳೆ ಸಾಕು, ಬಾಕಿ 100, 200, 300. ಮೊದಲ ಹೆಸರಿಗೆ 200 ಕೇಳಿಸಿದರೆ ತಪ್ಪು ಒಂದು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. ಕೇಳಿ ನೋಡಬೇಕಾದವರು ಬಳಸುವವರೇ. ದಿನಾಂಕದ ತಪ್ಪು ಹಿಡಿದದ್ದು ಭಾಯಿಯ ಕಿವಿ, ನನ್ನ ಕಣ್ಣಲ್ಲ.

ಗೆಳೆಯ ಗೆಳತಿಯರಲ್ಲಿ ಒಂದು ವಿನಂತಿ. ಪ್ರಾಜೆಕ್ಟ್‌ಗೆಂದು ಎಕ್ಸೆಲ್ ಹಾಳೆ ಮಾಡುವಾಗ ಒಂದು ಕಾಲಮ್‌ಗೆ ಒಂದೇ ರೂಪ ಕೊಡಿ. ಕನ್ನಡ ಹೆಸರುಗಳನ್ನು ಯುನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಫಾಂಟ್‌ಗಳಲ್ಲಿ ಕನ್ನಡ ಕಣ್ಣಿಗೆ ಮಾತ್ರ ಕಾಣುತ್ತದೆ, ಒಳಗಿರುವುದು ಬೇರೆ ಅಕ್ಷರಗಳ ಸಂಕೇತ. ಸ್ಕ್ರೀನ್ ರೀಡರ್ ಅದನ್ನು ಅರ್ಥವಿಲ್ಲದ ಸದ್ದಾಗಿ ಓದುತ್ತದೆ. ನಿಮ್ಮ ಹಾಳೆಯನ್ನು ಮುಂದೆ ಯಾರು ಕಿವಿಯಿಂದ ಓದುತ್ತಾರೋ ನಿಮಗೆ ಗೊತ್ತಿಲ್ಲ.

ಭಾಯಿ ಈಗ ಮತ್ತೆ ಲೆಕ್ಕ ಬರೆಯುತ್ತಿದ್ದಾರೆ. ಆ ಹೆಂಗಸಿಗೆ ಫೋನ್ ಮಾಡಿ ಕ್ಷಮೆ ಕೇಳಿ, ಸರಿಯಾದ ಬಾಕಿಯನ್ನು ತಾವೇ ಹೇಳಿದರು.