ನಾಯಿಯ ಬಲಗಣ್ಣು

ಕೋಣೆಯ ತುಂಬ ಅಡ್ಡಾದಿಡ್ಡಿ ಸಾಮಾನು. ಒಳಗೆ ಬಿಟ್ಟ ನಾಯಿ ಎದುರಿಗಿದ್ದದ್ದನ್ನೂ ಬಲಕ್ಕಿದ್ದದ್ದನ್ನೂ ಬಳಸಿಕೊಂಡು ನಡೆಯುತ್ತದೆ. ಎಡಕ್ಕಿದ್ದದ್ದಕ್ಕೆ ಮಾತ್ರ ಹೋಗಿ ಢಿಕ್ಕಿ ಹೊಡೆಯುತ್ತದೆ. ಅದು ಹುಟ್ಟಿನಿಂದ ಕಣ್ಣು ಕಾಣದ ನಾಯಿ. ಬಲಗಣ್ಣಿನ ಅಕ್ಷಿಪಟಲದ ಅಡಿಗೆ ಒಂದೇ ಒಂದು ಸಲ ಔಷಧಿ ಚುಚ್ಚಿದ್ದರು, ಅಷ್ಟೇ.

ಹೀಗೆ ದೃಷ್ಟಿ ಪಡೆದ ಮೂರು ನಾಯಿಗಳ ವರದಿ ಪ್ರಕಟವಾದದ್ದು 2001ರಲ್ಲಿ. ಅವುಗಳಲ್ಲಿ ಲ್ಯಾನ್ಸ್‌ಲಾಟ್ ಎಂಬುದು ಹೆಸರುವಾಸಿಯಾಯಿತು. ಪೆನ್ಸಿಲ್ವೇನಿಯಾ, ಕಾರ್ನೆಲ್, ಫ್ಲೋರಿಡಾ ವಿಶ್ವವಿದ್ಯಾಲಯಗಳು ಕೂಡಿ ಮಾಡಿದ ಕೆಲಸ ಅದು. ಅದರ ಹಿಂದೆ ಫಿಲಡೆಲ್ಫಿಯಾದ ಪಶುವೈದ್ಯ ಶಾಲೆಯೊಂದರ ದೀರ್ಘ ಪರಂಪರೆ ಇದೆ. 1884ರಲ್ಲಿ ಶುರುವಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಈ ಶಾಲೆಯಲ್ಲಿ 1960ರ ದಶಕದಲ್ಲಿ ಡೊನಾಲ್ಡ್ ಪ್ಯಾಟರ್ಸನ್ ಎಂಬ ವೈದ್ಯರು ನಾಯಿಗಳ ಹುಟ್ಟು ಹೃದ್ರೋಗಗಳ ಬೆನ್ನು ಹತ್ತಿದರು. ಮರಿ ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಾದ ರಕ್ತನಾಳವೊಂದು ಪೂಡಲ್ ನಾಯಿಗಳಲ್ಲಿ ತೆರೆದೇ ಉಳಿಯುವುದು ವಂಶದಿಂದ ಬರುವ ದೋಷ ಎಂದು ತೋರಿಸಿದರು. ನಾಯಿಯ ಕಾಯಿಲೆಯನ್ನು ಆನುವಂಶಿಕತೆಯ ಕಣ್ಣಿನಿಂದ ನೋಡುವ ಪಾಠ ಅಲ್ಲಿ ಬೇರೂರಿತು. ಲ್ಯಾನ್ಸ್‌ಲಾಟ್ ತಂಡದ ಗುಸ್ತಾವೊ ಅಗೈರ್ ಅದೇ ಶಾಲೆಯಲ್ಲಿ ಓದಿದವರು.

ನಾಯಿಯೇ ಏಕೆ? ಒಂದೊಂದು ತಳಿಯೂ ಬಾಗಿಲು ಮುಚ್ಚಿದ ಮನೆತನವಿದ್ದಂತೆ. ತಲೆಮಾರುಗಳಿಂದ ಮನುಷ್ಯ ಒಳಗೊಳಗೇ ಕೂಡಿಸುತ್ತ ಬಂದಿದ್ದಾನೆ. ಎಷ್ಟೋ ರೋಗಗಳಲ್ಲಿ ಕೆಟ್ಟ ಜೀನಿನ ಒಂದೇ ಪ್ರತಿ ಇದ್ದರೆ ನಾಯಿಗೆ ಏನೂ ಆಗದು. ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದು ಸೇರಿದಾಗ ರೋಗ ತಲೆ ಎತ್ತುತ್ತದೆ. ಸೋದರಮಾವನಿಗೆ ಹೆಣ್ಣು ಕೊಡುವಾಗ ನಮ್ಮ ವೈದ್ಯರು ಎಚ್ಚರ ಹೇಳುವುದೂ ಇದೇ ಕಾರಣಕ್ಕೆ.

ಫ್ರಾನ್ಸ್ ಮೂಲದ ಜೂಲುಕೂದಲಿನ ಬ್ರಿಯಾರ್ಡ್ ತಳಿಯಲ್ಲಿ ಹೀಗೇ ಆಗಿತ್ತು. ಆರ್‌ಪಿಇ65 ಎಂಬ ಜೀನಿನಲ್ಲಿ ಬರೀ ನಾಲ್ಕು ಅಕ್ಷರ ಬಿಟ್ಟುಹೋಗಿದ್ದವು. ಬೆಳಕು ಬಿದ್ದಾಗ ಕಣ್ಣಿನಲ್ಲಿ ಖರ್ಚಾಗುವ ಎ ಜೀವಸತ್ವದ ರೂಪವನ್ನು ಮತ್ತೆ ಬಳಕೆಗೆ ಸಿದ್ಧಮಾಡುವ ಪ್ರೋಟೀನು ಈ ಜೀನಿನದು. ಅದಿಲ್ಲದಿದ್ದರೆ ಕಣ್ಣಿಗೆ ಕತ್ತಲೆ. ಇದೇ ಜೀನು ಕೆಟ್ಟ ಮಕ್ಕಳೂ ಹುಟ್ಟಿನಿಂದಲೇ ದೃಷ್ಟಿ ಕಳೆದುಕೊಳ್ಳುತ್ತಾರೆ. ನಿರಪಾಯಕಾರಿ ವೈರಸ್ಸಿನ ಮೇಲೆ ಸರಿಯಾದ ಜೀನನ್ನು ಹೊರಿಸಿ ಕಣ್ಣಿನೊಳಗೆ ಕಳಿಸಿದ್ದು ಲ್ಯಾನ್ಸ್‌ಲಾಟ್‌ನಂಥ ನಾಯಿಗಳಿಗೆ ಕೆಲಸ ಮಾಡಿತು, ಆಮೇಲೆ ಮಕ್ಕಳಿಗೂ. 2017ರ ಡಿಸೆಂಬರಿನಲ್ಲಿ ಅಮೆರಿಕ ಈ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಎರಡು ಕಣ್ಣಿಗೆ 8,50,000 ಡಾಲರ್ ಬೆಲೆ ಇಟ್ಟರು. ಆ ಬೆಲೆ ನೆನೆದರೆ ನನಗೆ ಸಂಕಟವಾಗುತ್ತದೆ. ಈ ಚಿಕಿತ್ಸೆಯನ್ನು ಮಕ್ಕಳವರೆಗೆ ತಂದ ವೈದ್ಯ ದಂಪತಿ ಜೀನ್ ಬೆನೆಟ್ ಮತ್ತು ಆಲ್ಬರ್ಟ್ ಮ್ಯಾಗೈರ್, ಕಣ್ಣು ಬಂದ ಎರಡು ನಾಯಿಗಳನ್ನು ಮನೆಗೇ ಕರೆದೊಯ್ದು ಸಾಕಿದರು ಎಂಬುದನ್ನು ಓದಿದಾಗ ಮನಸ್ಸು ತುಂಬಿ ಬಂತು.

ನಾಯಿಗೆ ಸಿಕ್ಕಿದ್ದೇನು? ಪರೀಕ್ಷೆ. ಕೆನ್ನೆಯ ಒಳಬದಿಯನ್ನು ಹತ್ತಿಕಡ್ಡಿಯಿಂದ ಉಜ್ಜಿ ಕಳಿಸಿದರೆ ಸಾಕು, ಕೆಟ್ಟ ಪ್ರತಿ ಎಷ್ಟಿದೆ ಎಂದು ತಿಳಿಯುತ್ತದೆ. ಒಂದೇ ಪ್ರತಿ ಹೊತ್ತ ನಾಯಿಯನ್ನು ತಳ್ಳಿಹಾಕಬೇಕಿಲ್ಲ; ದೋಷವಿಲ್ಲದ ಜೋಡಿಯೊಡನೆ ಕೂಡಿಸಿದರೆ ಮರಿಗಳಿಗೆ ಆ ರೋಗ ಬಾರದು. ಹೊತ್ತವನ್ನೆಲ್ಲ ಹೊರಗಿಟ್ಟರೆ ತಳಿ ಇನ್ನಷ್ಟು ಕಿರಿದಾಗಿ, ಬೇರೊಂದು ದೋಷ ಗಟ್ಟಿಯಾಗಬಹುದು.

ಎಲ್ಲ ಕಾಯಿಲೆಯೂ ಇಷ್ಟು ಸರಳವಲ್ಲ. ನಮ್ಮ ಲ್ಯಾಬ್ರಡಾರ್ ಜೂಲಿ ಆರನೇ ವರ್ಷಕ್ಕೇ ಮೆಟ್ಟಿಲು ಹತ್ತಲಾರದೆ ಕೆಳಗೆ ಕೂತು ನಮ್ಮನ್ನೇ ನೋಡುತ್ತಿದ್ದಳು. ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಿನಲ್ಲಿ ಸಡಿಲವಾಗಿ ಅಲ್ಲಾಡುತ್ತ ಕೀಲು ಸವೆದಿತ್ತು. ಇದಕ್ಕೆ ಹಲವು ಜೀನುಗಳು ಸೇರುತ್ತವೆ, ಮೈತೂಕವೂ ಸೇರುತ್ತದೆ, ಹತ್ತಿಕಡ್ಡಿಯಿಂದ ತೀರ್ಮಾನವಾಗದು. ಅದೇ ಫಿಲಡೆಲ್ಫಿಯಾ ಶಾಲೆಯ ಗೇಲ್ ಸ್ಮಿತ್ 1980ರ ದಶಕದಲ್ಲಿ ಇದಕ್ಕೊಂದು ಅಳತೆ ರೂಪಿಸಿದರು. ಮಂಪರು ಬರಿಸಿ, ಕೀಲು ಎಷ್ಟು ಹೊರಸರಿಯುತ್ತದೆಂದು ಎಕ್ಸ್‌ರೇಯಲ್ಲಿ ಅಳೆಯುತ್ತಾರೆ. ಸೊನ್ನೆಯ ಹತ್ತಿರ ಬಂದರೆ ಬಿಗಿ, ಒಂದರ ಹತ್ತಿರವಾದರೆ ಸಡಿಲ. 16 ವಾರದ ಮರಿಗೂ ಮಾಡಬಹುದು.

ಜೂಲಿ ಹೋಗಿ ಎರಡು ವರ್ಷವಾಯಿತು. ಮಗಳು ಇನ್ನೊಂದು ಲ್ಯಾಬ್ ಬೇಕೆನ್ನುತ್ತಾಳೆ. ಮರಿ ಮಾರುವವರೊಬ್ಬರನ್ನು, ತಂದೆತಾಯಿಯ ಸೊಂಟದ ಎಕ್ಸ್‌ರೇ ತೆಗೆಸಿದ್ದೀರಾ ಎಂದು ಕೇಳಿದೆ. "ಪೇಪರ್ ಇದೆ ಸಾರ್, ಚಾಂಪಿಯನ್ ಲೈನು" ಎಂದರು. ಎಕ್ಸ್‌ರೇ ಇರುವ ಮನೆಯನ್ನು ಇನ್ನೂ ಹುಡುಕುತ್ತಿದ್ದೇವೆ.