ಕಾಲಾಳು ಮೊದಲು

ರಾಜಾನುಕುಂಟೆ, ಸಿಂಗನಾಯಕನಹಳ್ಳಿ ಕಡೆಯ ಹಳ್ಳಿಗಳಲ್ಲಿ ಪಂಚಾಯಿತಿ ಗ್ರಂಥಾಲಯವನ್ನು ಈಗ ‘ಅರಿವು ಕೇಂದ್ರ’ ಎನ್ನುತ್ತಾರೆ. 2019ರಲ್ಲಿ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಇಂಥ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಮರುವರ್ಷ ಕೋವಿಡ್ ಕಾಲದಲ್ಲಿ ಶಾಲೆಗಳಿಗೆ ಬೀಗ ಬಿದ್ದಿದ್ದಾಗ ‘ಓದುವ ಬೆಳಕು’ ಯೋಜನೆ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟು ಒಳಗೆ ಕರೆಯಿತು. ಆಮೇಲೆ ಪುಸ್ತಕದ ಜೊತೆಗೆ ಚೆಸ್ ಕೂಡ ಬಂತು. ‘ಮೇಕ್ ದಿ ಫಸ್ಟ್ ಮೂವ್ ಕರ್ನಾಟಕ’ ಎಂಬ ಹೆಸರಿನಲ್ಲಿ ಗ್ರಂಥಾಲಯಗಳಲ್ಲೇ ಹಳ್ಳಿ ಮಕ್ಕಳಿಗೆ ಚೆಸ್ ಕಲಿಸುವ ಕೆಲಸ ಶುರುವಾಯಿತು.

ಬೋರ್ಡು ತರಿಸುವುದು ಸುಲಭ, ಅದರ ಮುಂದೆ ಮಕ್ಕಳ ಜೊತೆ ಕೂರುವವರು ಬೇಕು. ಪುಸ್ತಕ, ದಿನಪತ್ರಿಕೆ, ರಿಜಿಸ್ಟರು ಎಲ್ಲವನ್ನೂ ನೋಡಿಕೊಳ್ಳುವ ಗ್ರಂಥಪಾಲಕರಿಗೆ ದಿನವೂ ಅದಕ್ಕೆ ಬಿಡುವಾಗುವುದು ಕಷ್ಟ. ಇತ್ತ ಹೆಬ್ಬಾಳದಿಂದ ಯಲಹಂಕದವರೆಗೆ ರಸ್ತೆಯುದ್ದಕ್ಕೂ ಕಾಲೇಜುಗಳಿವೆ. ಆರ್.ಟಿ. ನಗರ, ಸಹಕಾರನಗರದಂಥ ಬಡಾವಣೆಗಳಲ್ಲಿ ಫೀಸು ಕಟ್ಟಿ ಚೆಸ್ ಕಲಿತು, ಎಸ್ಸೆಸ್ಸೆಲ್ಸಿ ಬಂತೆಂದು ಆಟ ಬಿಟ್ಟ ಹುಡುಗ ಹುಡುಗಿಯರಿದ್ದಾರೆ. ಈ ಕೆಲಸಕ್ಕೆ ನನ್ನ ಪ್ರಕಾರ ಅವರೇ ಸರಿಯಾದವರು. ಗ್ರ್ಯಾಂಡ್‌ಮಾಸ್ಟರ್ ಆಗಬೇಕಿಲ್ಲ. ತಾನು ಎಲ್ಲಿ ತಡವರಿಸಿದ್ದೆ ಎಂಬುದು ಇನ್ನೂ ನೆನಪಿರುವವರು ಹೊಸಬರಿಗೆ ಚೆನ್ನಾಗಿ ಹೇಳಿಕೊಡುತ್ತಾರೆ.

ಹೇಳಿಕೊಡುವುದಕ್ಕೂ ಒಂದು ಕ್ರಮವಿದೆ. ಮೊದಲ ದಿನವೇ ಆರೂ ಬಗೆಯ ಕಾಯಿಗಳ ನಡೆ ಒಪ್ಪಿಸಿದರೆ ಮಕ್ಕಳಿಗೆ ಕುದುರೆ ಮಾತ್ರ ನೆನಪಿರುತ್ತದೆ, ಅದೂ ತಪ್ಪುತಪ್ಪಾಗಿ. ಅನುಭವಿಗಳು ಬೋರ್ಡಿನ ಮೇಲೆ ಎಂಟೆಂಟು ಕಾಲಾಳುಗಳನ್ನಷ್ಟೇ ಇಡುತ್ತಾರೆ. ಯಾರ ಕಾಲಾಳು ಮೊದಲು ಆಚೆ ತುದಿ ಮುಟ್ಟುತ್ತದೋ ಅವರು ಗೆದ್ದಂತೆ. ನೇರ ನಡೆದು ಓರೆಯಾಗಿ ಹೊಡೆಯುವ ಈ ಕಾಯಿಯ ಸ್ವಭಾವ ಎರಡು ಮೂರು ಆಟದಲ್ಲಿ ಕೈಗೆ ಹತ್ತುತ್ತದೆ. ಆನೆ, ಒಂಟೆ ಆಮೇಲೆ ಬರುತ್ತವೆ. ಎರಡು ಆನೆಗಳಿಂದ ಒಂಟಿ ರಾಜನನ್ನು ಅಂಚಿಗೆ ಅಟ್ಟುವುದು ಬಂದ ದಿನ ಮಗುವಿಗೆ ಆಟದ ಗುರಿ ಏನೆಂದು ಅರ್ಥವಾಗುತ್ತದೆ. ಅಲ್ಲಿಯವರೆಗೆ ಎದುರಾಳಿಯ ಕಾಯಿ ಕಡಿದು ಗುಡ್ಡೆ ಹಾಕುವುದೇ ಗೆಲುವು.

ಕಲಿಸುವವರ ತಾಳ್ಮೆ ಪರೀಕ್ಷೆಗೆ ಬೀಳುವುದು ಮುಂದಿನ ಹಂತದಲ್ಲಿ. ಯಾರೋ ಒಬ್ಬ ನಾಲ್ಕೇ ನಡೆಯಲ್ಲಿ ಮಾತ್ ಮಾಡುವ ಉಪಾಯ ಕಲಿತು ಬರುತ್ತಾನೆ. ರಾಜನೊಬ್ಬನೇ ಕಾಯುತ್ತಿರುವ ಕಾಲಾಳಿನ ಮೇಲೆ ಒಂಟೆ, ರಾಣಿ ಸೇರಿ ಬೀಳುವ ದಾಳಿ ಅದು. ವಾರವಿಡೀ ಎಲ್ಲರನ್ನೂ ಸೋಲಿಸುತ್ತಾನೆ, ಚಿಕ್ಕವರು ಆಟ ಬಿಡುವ ಮಾತಾಡುತ್ತಾರೆ. ಆಗ ತಡೆಯುವ ನಡೆಯನ್ನು ಸೋತ ಮಗುವಿಗೇ ಹುಡುಕಲು ಬಿಡಬೇಕು, ಸುಳಿವು ಕೊಟ್ಟರೆ ಸಾಕು. ಇನ್ನೊಂದು ಸ್ಟೇಲ್‌ಮೇಟ್. ರಾಣಿಯೂ ಆನೆಯೂ ಉಳಿದಿರುವ ಮಗು ಅವಸರದಲ್ಲಿ ಎದುರಾಳಿಯ ರಾಜನಿಗೆ ಚೆಕ್ ಕೊಡದೆ ಎಲ್ಲ ದಾರಿಯನ್ನೂ ಮುಚ್ಚಿಬಿಡುತ್ತದೆ. ಆಟ ಡ್ರಾ. ‘ಅಕ್ಕಾ, ಇದು ಮೋಸ!’ ಎಂಬ ಕೂಗು ಏಳುತ್ತದೆ. ನಿಯಮವನ್ನು ಸಡಿಲಿಸದೆ ಸಮಾಧಾನ ಹೇಳಬಲ್ಲ ಅಕ್ಕನೋ ಅಣ್ಣನೋ ಪಕ್ಕದಲ್ಲಿ ಇರಬೇಕಾದ ಗಳಿಗೆ ಇದು. ಮುಟ್ಟಿದ ಕಾಯಿಯನ್ನು ನಡೆಸಲೇಬೇಕೆಂಬ ನಿಯಮಕ್ಕೂ ಇದೇ ಮಾತು.

ಚೆಸ್ ಕಲಿತರೆ ಗಣಿತ ಸುಧಾರಿಸುತ್ತದೆ ಎಂದು ಪೋಷಕರಿಗೆ ಮಾತು ಕೊಡಬೇಡಿ. ಇಂಗ್ಲೆಂಡಿನಲ್ಲಿ ನೂರು ಪ್ರಾಥಮಿಕ ಶಾಲೆಗಳಲ್ಲಿ ನಡೆದ ದೊಡ್ಡ ಪ್ರಯೋಗದ ವರದಿ 2016ರಲ್ಲಿ ಬಂತು. ತರಗತಿಯಲ್ಲಿ ಚೆಸ್ ಕಲಿತವರಿಗೂ ಕಲಿಯದವರಿಗೂ ವರ್ಷದ ನಂತರ ಗಣಿತದ ಅಂಕಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದರಿಂದ ನನಗೇನೂ ಬೇಸರವಿಲ್ಲ. ಹಳ್ಳಿಯ ಮಗುವಿಗೆ ಒಂದು ಒಳ್ಳೆಯ ಆಟ ಸಿಗಬೇಕಾದರೆ ಅದು ಅಂಕ ತರಲೇಬೇಕೇ? ಈ ಆಟ ಈ ನಾಡಿಗೆ ಹೊಸದೂ ಅಲ್ಲ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಚತುರಂಗದ ವಿವರಣೆಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು ಅರವತ್ತನಾಲ್ಕು ಮನೆಗೂ ಒಂದೊಂದೇ ಸಲ ನಡೆಸುವ ಒಗಟುಗಳನ್ನು ಕಟ್ಟಿದ್ದರು. ಬೋರ್ಡುಗಳು ಸಾಲದ ದಿನ ಚೌಕುಳಿ ಹಾಳೆಯ ಮೇಲೆ ಈ ಒಗಟನ್ನೇ ಕೊಡಬಹುದು.

ಕಣ್ಣು ಕಾಣದ ಮಕ್ಕಳಿಗೂ ಬೋರ್ಡುಗಳಿವೆ ಎಂಬುದು ಸ್ವಯಂಸೇವಕರಿಗೆ ತಿಳಿದಿರಬೇಕು. ಅವುಗಳಲ್ಲಿ ಕಪ್ಪು ಮನೆಗಳು ತುಸು ಎತ್ತರ, ಪ್ರತಿ ಮನೆಗೂ ಕಾಯಿ ಸಿಕ್ಕಿಸಲು ತೂತು. ಬೆರಳಿಗೆ ಗುರುತು ಸಿಗಲೆಂದು ಕಪ್ಪು ಕಾಯಿಗಳ ತಲೆಯ ಮೇಲೆ ಸಣ್ಣ ಮೊಳೆ ಇರುತ್ತದೆ. ನಡೆಯನ್ನು ಬಾಯಿಬಿಟ್ಟು ಹೇಳಿ ಆಡುತ್ತಾರೆ. 2018ರ ಜಕಾರ್ತಾ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಶಿವಮೊಗ್ಗದ ಕಿಶನ್ ಗಂಗೊಳ್ಳಿ ದೃಷ್ಟಿದೋಷವುಳ್ಳ ಆಟಗಾರ.

ರಾಷ್ಟ್ರೀಯ ಸೇವಾ ಯೋಜನೆಗೆ ಸೇರಿದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಅದರಲ್ಲಿ ವಾರಕ್ಕೆ ಎರಡು ಗಂಟೆಯನ್ನು ಒಂದೇ ಅರಿವು ಕೇಂದ್ರಕ್ಕೆ, ಪ್ರತಿ ಸಲವೂ ಅದೇ ದಿನ, ಅದೇ ಹೊತ್ತಿಗೆ ಕೊಟ್ಟರೆ ಪರೀಕ್ಷೆಯ ವಾರಗಳನ್ನು ಬಿಟ್ಟರೂ ವರ್ಷದ ಪಾಠ ಮುಗಿಯುತ್ತದೆ. ಒಂದು ಭಾನುವಾರ ಬಂದು, ಬ್ಯಾನರ್ ಮುಂದೆ ಫೋಟೊ ತೆಗೆಸಿಕೊಂಡು ಹೋಗುವುದಾದರೆ ಬೇಡ. ಕಾಲಾಳಿನ ಆಟ ಕಲಿತ ಮಗು ಮುಂದಿನ ವಾರ ಆನೆಗಾಗಿ ಕಾಯುತ್ತಿರುತ್ತದೆ. ಯಲಹಂಕ, ಹೆಬ್ಬಾಳದ ಕಾಲೇಜುಗಳ ಎನ್ನೆಸ್ಸೆಸ್ ಅಧಿಕಾರಿಗಳು ಹತ್ತಿರದ ಪಂಚಾಯಿತಿಯ ಗ್ರಂಥಪಾಲಕರ ಜೊತೆ ಈ ತಿಂಗಳೇ ಕೂತು ವಾರ, ವೇಳೆ ಗೊತ್ತುಮಾಡಲಿ. ಬರುವ ವಿದ್ಯಾರ್ಥಿಗಳನ್ನು ಇಬ್ಬಿಬ್ಬರಾಗಿ ಕಳಿಸಲಿ, ಒಬ್ಬರಿಗೆ ಅನಾನುಕೂಲವಾದ ದಿನವೂ ಬೋರ್ಡು ಬಿಚ್ಚಲು ಇನ್ನೊಬ್ಬರಿರುತ್ತಾರೆ.