ಬಣ್ಣಗೆಟ್ಟ ಹವಳಕ್ಕೆ ಬಾಣಂತನ

ಹವಳ ಎಂದಕೂಡಲೇ ನಮ್ಮ ಮನೆಗಳಲ್ಲಿ ನೆನಪಾಗುವುದು ಅಜ್ಜಿಯ ಕೊರಳಿನ ಸರ, ತಾಳಿಯ ಅಕ್ಕಪಕ್ಕ ಕರಿಮಣಿಯೊಂದಿಗೆ ಪೋಣಿಸಿದ ಕೆಂಪು ಮಣಿ, ಇಲ್ಲವೇ ಕುಜದೋಷಕ್ಕೆಂದು ಬೆರಳಿಗೆ ಹಾಕಿಸಿದ ಉಂಗುರ. ಮುತ್ತು, ರತ್ನ, ಪಚ್ಚೆಗಳ ಸಾಲಿನಲ್ಲಿ ಸೇರಿಬಿಟ್ಟಿರುವುದರಿಂದ ಅದೂ ಒಂದು ಕಲ್ಲೆಂದೇ ಬಹಳ ಜನರ ತಿಳಿವಳಿಕೆ. ಕಲ್ಲಲ್ಲ, ಪ್ರಾಣಿಯ ಅಸ್ಥಿಪಂಜರ. ಒಡವೆಯ ಕೆಂಪು ಹವಳ ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ್ದು. ಬೆಚ್ಚಗಿನ ಕಡಲಿನಲ್ಲಿ ದಿಬ್ಬ ಕಟ್ಟುವ ಹವಳಗಳು ಅದರ ದೂರದ ನೆಂಟರು. ನಾವೀಗ ಹೇಳಹೊರಟಿರುವುದು ಈ ನೆಂಟರ ಕಥೆಯನ್ನು. ಅವು ಬದುಕಿರುವಾಗ ಕಾಹಿಲೆ ಬೀಳುತ್ತವೆ, ಉಪವಾಸ ಬೀಳುತ್ತವೆ, ಸರಿಯಾಗಿ ನೋಡಿಕೊಂಡರೆ ಎದ್ದೂ ಕೂರುತ್ತವೆ.

ಕಡಲಿನ ಹವಳಕ್ಕೂ ತಟ್ಟೆ ಇಡ್ಲಿಯ ಬಿಡದಿಗೂ ಎಲ್ಲಿಯ ಸಂಬಂಧ ಎಂದು ಕೇಳಬಹುದು. ಬಿಡದಿಯಿಂದ ಕಡಲು ನೋಡಬೇಕೆಂದರೆ ಘಟ್ಟ ಇಳಿದು ಮಂಗಳೂರಿಗೇ ಹೋಗಬೇಕು. ಆದರೆ ಕಾರ್ಖಾನೆಗಳು ಬಂದು, ಬಡಾವಣೆಗಳು ಎದ್ದು, ಬೆಂಗಳೂರು ಮೈಸೂರು ಹೆದ್ದಾರಿಯ ಈ ಊರು ಅರ್ಧ ನಗರವಾದ ಮೇಲೆ ಇಲ್ಲೂ ಮನೆಯ ಮೂಲೆಯಲ್ಲಿ ಗಾಜಿನ ತೊಟ್ಟಿ ಇಡುವ ಆಸೆ ಹುಟ್ಟುವುದು ಸಹಜ. ಮೊದಲು ಗೋಲ್ಡ್ ಫಿಶ್. ಅದು ಸಪ್ಪೆ ಎನ್ನಿಸಿದಾಗ ಉಪ್ಪುನೀರಿನ ಬಣ್ಣದ ಮೀನು. ಅದರ ಮುಂದಿನ ಹೆಜ್ಜೆಯೇ ಹವಳ. ಪುಟ್ಟ ಸಮುದ್ರವೊಂದನ್ನು ನೂರಿನ್ನೂರು ಲೀಟರ್ ನೀರಿನಲ್ಲಿ ಕಟ್ಟಿ ನಿಲ್ಲಿಸುವ ಈ ಹವ್ಯಾಸದಲ್ಲಿ ಮಕ್ಕಳು ಕಲಿಯುವ ರಸಾಯನಶಾಸ್ತ್ರ ಯಾವ ಟ್ಯೂಷನ್ನಿನಲ್ಲೂ ಸಿಗದು. ಖರ್ಚು ಮಾತ್ರ ಟ್ಯೂಷನ್ನಿಗಿಂತ ಹೆಚ್ಚು.

ಬಾಡಿಗೆದಾರ ಮನೆ ಬಿಟ್ಟಾಗ

ಹವಳದ ಒಂದೊಂದು ಹುಳುವನ್ನೂ ಪಾಲಿಪ್ ಎನ್ನುತ್ತಾರೆ. ಪುಟ್ಟ ಚೀಲ, ಚೀಲದ ಬಾಯಿಯ ಸುತ್ತ ಎಳೆಗಳು, ಅಡಿಯಲ್ಲಿ ಸುಣ್ಣದ ಬಟ್ಟಲು. ಸಾವಿರಾರು ಪಾಲಿಪ್‌ಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದಾಗ ನಮ್ಮ ಕಣ್ಣಿಗೆ ಕೊಂಬೆಯಾಗಿಯೋ ಗುಂಡಾಗಿಯೋ ಕಾಣುತ್ತದೆ. ಪಾಲಿಪ್‌ನ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳು ಬಾಡಿಗೆಗಿರುತ್ತವೆ. ಅವು ಬಿಸಿಲಿನಲ್ಲಿ ಸಕ್ಕರೆ ತಯಾರಿಸಿ ಅದರಲ್ಲಿ ಬಹುಪಾಲನ್ನು ಮನೆಯ ಯಜಮಾನನಿಗೆ ಕೊಡುತ್ತವೆ. ಕೆಲವು ಹವಳಗಳ ಆಹಾರದಲ್ಲಿ ಶೇಕಡಾ 90ರವರೆಗೂ ಈ ಬಾಡಿಗೆಯೇ. ಹವಳದ ಕಂದು, ಹಸಿರು ಛಾಯೆಗೂ ಮುಖ್ಯವಾಗಿ ಈ ಪಾಚಿಯೇ ಕಾರಣ.

ನೀರು ಬಿಸಿಯಾದರೆ, ಉಪ್ಪು ಏರುಪೇರಾದರೆ, ವಿಷ ಸೇರಿದರೆ ಈ ಸಂಸಾರ ಒಡೆಯುತ್ತದೆ. ಪಾಚಿ ಹೊರಬೀಳುತ್ತದೆ, ಪಾರದರ್ಶಕ ಮೈಯ ಕೆಳಗಿನ ಬಿಳಿ ಸುಣ್ಣ ಕಾಣತೊಡಗುತ್ತದೆ. ವಿಜ್ಞಾನಿಗಳು ಇದನ್ನೇ ಬ್ಲೀಚಿಂಗ್ ಎನ್ನುವುದು. ಬೆಳ್ಳಗಾದ ಹವಳ ಸತ್ತಿದೆ ಎಂದು ಎತ್ತಿ ಎಸೆಯುವವರಿದ್ದಾರೆ. ದುಡುಕಬಾರದು. ಭೂತಗನ್ನಡಿ ಹಿಡಿದು ನೋಡಿ. ಬಿಳುಪಿನ ಮೇಲೆ ತೆಳುವಾದ ಲೋಳೆಯಂಥ ಮೈ ಇದ್ದು, ಸಂಜೆ ದೀಪ ಆರಿದ ಮೇಲೆ ಎಳೆಗಳು ಒಂದಿಷ್ಟಾದರೂ ಹೊರಚಾಚಿದರೆ ಜೀವವಿದೆ. ಮೈ ಕಳಚಿ ಬರೀ ಸುಣ್ಣದ ಗೂಡು ಉಳಿದಿದ್ದರೆ ಕೆಲವೇ ದಿನಗಳಲ್ಲಿ ಅದರ ಮೇಲೆ ಹಸಿರು ಪಾಚಿ ಹತ್ತುತ್ತದೆ. ಅಷ್ಟು ಭಾಗ ಮತ್ತೆ ಬಾರದು.

ತಪ್ಪು ನೀರಿನಲ್ಲೇ

ಮನೆಯ ತೊಟ್ಟಿಯಲ್ಲಿ ಹವಳ ನರಳಿದರೆ ಹತ್ತಕ್ಕೆ ಒಂಬತ್ತು ಸಲ ಕಾರಣ ನೀರು. ಬಂಡೆಯ ಹಿಂದೆ ಮೀನೊಂದು ಸತ್ತು ಕೊಳೆತರೆ ಅಮೋನಿಯಾ ಏರುತ್ತದೆ. ಸಿಹಿನೀರಿನ ತೊಟ್ಟಿಗಿಂತ ಸಮುದ್ರದ ನೀರಿನಲ್ಲಿ ಇದು ಹೆಚ್ಚು ಅಪಾಯ. ಸಮುದ್ರದ ನೀರಿನ ಪಿ.ಎಚ್. 8ಕ್ಕೂ ಮೇಲಿದ್ದು, ಅಷ್ಟು ಕ್ಷಾರದಲ್ಲಿ ಅಮೋನಿಯಾದ ವಿಷರೂಪದ ಪಾಲು ಹೆಚ್ಚುತ್ತದೆ. ಮೀನಿನ ಚುಕ್ಕೆ ರೋಗಕ್ಕೆಂದು ತಾಮ್ರವಿರುವ ಔಷಧಿ ಹಾಕಿದಿರೋ, ಮೀನು ಬದುಕಬಹುದು, ಹವಳ ಬದುಕದು.

ಇನ್ನೊಂದು ಸಂಗತಿ ನಮ್ಮ ಕಡೆಯ ಮನೆಗಳಿಗೇ ಹೇಳಿಸಿದ್ದು. ತೊಟ್ಟಿಯ ನೀರು ದಿನವೂ ಒಂದಿಷ್ಟು ಆವಿಯಾಗುತ್ತದೆ. ಆವಿಯಾಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಇಳಿದ ಮಟ್ಟವನ್ನು ಉಪ್ಪುನೀರಿನಿಂದ ತುಂಬಿದರೆ ವಾರದೊಳಗೆ ತೊಟ್ಟಿ ಉಪ್ಪಿನಕಾಯಿ ಜಾಡಿಯಾಗುತ್ತದೆ. ಬೋರ್‌ವೆಲ್ ನೀರಿನಿಂದ ತುಂಬಿದರೆ? ಪಾತ್ರೆಯ ತಳದಲ್ಲಿ, ಗೀಸರಿನ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುವ ಆ ಗಡಸು ನೀರು ತನ್ನೊಡನೆ ಏನೇನು ತರುತ್ತದೋ ಹೇಳಲಾಗದು. ನೈಟ್ರೇಟೂ ಇರಬಹುದು, ಪೈಪಿನ ಲೋಹವೂ ಇರಬಹುದು. ಆವಿಯಾದದ್ದಕ್ಕೆ ಪರಿಶುದ್ಧವಾದ ಸಿಹಿನೀರನ್ನೇ, ಅಂದರೆ ಆರ್.ಓ. ಯಂತ್ರ ದಾಟಿ ಅಯಾನುಗಳನ್ನೂ ಕಳೆದುಕೊಂಡ ನೀರನ್ನೇ ಹಾಕಬೇಕು.

ಇನ್ನು ಏಪ್ರಿಲ್ ಬಿಸಿಲು ಮತ್ತು ಕರೆಂಟು. ಹವಳಕ್ಕೆ ಹಿತವಾದದ್ದು 24ರಿಂದ 27 ಡಿಗ್ರಿ ಸೆಲ್ಸಿಯಸ್. ಬೇಸಿಗೆಯ ಮಧ್ಯಾಹ್ನ ದೀಪ, ಪಂಪುಗಳ ಶಾಖವೂ ಸೇರಿದರೆ 30 ದಾಟುವುದಕ್ಕೆ ಹೊತ್ತು ಬೇಕಿಲ್ಲ. ಕರೆಂಟು ಹೋಗಿ ನೀರಿನ ಓಟ ನಿಂತರೆ ಆಮ್ಲಜನಕವೂ ಕುಸಿಯುತ್ತದೆ. ಬ್ಯಾಟರಿಯಿಂದ ನಡೆಯುವ ಚಿಕ್ಕ ಗಾಳಿ ಪಂಪೊಂದು ಮನೆಯಲ್ಲಿ ಇರಲೇಬೇಕು.

ಬಾಣಂತನದ ಕ್ರಮ

ಹವಳ ಮುದುಡಿದ್ದನ್ನು ಕಂಡ ಕೂಡಲೇ ಅಂಗಡಿಗೆ ಓಡಿ ಸಿಕ್ಕ ಬಾಟಲಿಯನ್ನೆಲ್ಲ ಸುರಿಯುವುದು ಬಹಳ ಜನ ಮಾಡುವ ಕೆಲಸ. ಕಾಯಿಲೆಗಿಂತ ಔಷಧಿಯೇ ಕೊಲ್ಲುವುದು ಹೀಗೆ. ಮೊದಲು ಅಳೆಯಬೇಕು. ಅಮೋನಿಯಾ ಸೊನ್ನೆ ಇರಬೇಕು. ಲವಣಾಂಶ ಸಾವಿರಕ್ಕೆ 35 ಭಾಗ, ಅಂದರೆ ಸಾಪೇಕ್ಷ ಸಾಂದ್ರತೆ 1.025ರ ಸುಮಾರು. ಕ್ಯಾಲ್ಷಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ. ಕ್ಷಾರತೆ 8ರಿಂದ 9 ಡಿ.ಕೆ.ಎಚ್. ನೈಟ್ರೇಟ್ ಲೀಟರಿಗೆ ಎರಡರಿಂದ ಹತ್ತು ಮಿಲಿಗ್ರಾಂ ಇದ್ದರೆ ಗಾಬರಿ ಬೇಡ. ಪೂರ್ತಿ ಸೊನ್ನೆಯಾದರೂ ಹವಳ ಬಿಳಿಚಿಕೊಳ್ಳುತ್ತದೆ, ಪಾಚಿಗೂ ಗೊಬ್ಬರ ಬೇಕಲ್ಲ! ಅನುಮಾನ ಬಂದರೆ ಇನ್ನೊಂದು ಕಿಟ್ಟಿನಿಂದ ಮತ್ತೆ ಅಳೆಯಿರಿ. ಹಳೆಯ ಕಿಟ್ಟುಗಳು ಸುಳ್ಳು ಹೇಳುತ್ತವೆ.

ಕಾರಣ ಸಿಕ್ಕ ಮೇಲೆ ಅದನ್ನು ತೆಗೆಯಬೇಕು. ಸತ್ತ ಮೀನನ್ನು ಹುಡುಕಿ ಎತ್ತಿಹಾಕಿ. ಆಮೇಲೆ ನೀರು ಬದಲಿಸುವುದು. ಇಲ್ಲಿ ಅವಸರ ಸಲ್ಲ. ಹಿಂದಿನ ದಿನವೇ ಬಕೆಟ್ಟಿನಲ್ಲಿ ಉಪ್ಪು ಕದಡಿ, ಪಂಪಿನಿಂದ ತಿರುವುತ್ತಾ ಬಿಟ್ಟು, ಉಪ್ಪೂ ಶಾಖವೂ ತೊಟ್ಟಿಯದಕ್ಕೆ ಸಮನಾದ ಮೇಲೆ ಐದನೇ ಒಂದು ಪಾಲು ಬದಲಿಸಬೇಕು. ಎರಡು ದಿನ ಬಿಟ್ಟು ಮತ್ತೊಮ್ಮೆ. ಅಮೋನಿಯಾ ವಿಪರೀತ ಏರಿದ್ದರೆ ಮಾತ್ರ ಒಂದೇ ಸಲಕ್ಕೆ ಹೆಚ್ಚು. ಕ್ಷಾರತೆ ಇಳಿದಿದ್ದರೆ ದಿನಕ್ಕೆ ಒಂದು ಡಿ.ಕೆ.ಎಚ್.ಗಿಂತ ಜಾಸ್ತಿ ಏರಿಸಬೇಡಿ. ಜ್ವರದಿಂದ ಎದ್ದವನಿಗೆ ಮೊದಲ ದಿನವೇ ಹೋಳಿಗೆ ಊಟ ಬಡಿಸುತ್ತೇವೆಯೇ? ಸಾವಯವ ವಿಷ ಹೀರಿಕೊಳ್ಳಲು ಸಕ್ರಿಯ ಇದ್ದಿಲಿನ ಚೀಲವೊಂದನ್ನು ನೀರು ಹರಿಯುವ ಜಾಗದಲ್ಲಿಟ್ಟರೆ ಒಳ್ಳೆಯದು.

ದೀಪದ ವಿಷಯದಲ್ಲಿ ಹೆಚ್ಚಿನವರು ತಿರುಗುಮುರುಗು ಮಾಡುತ್ತಾರೆ. ಪಾಚಿ ಹೋಗಿದೆ, ಬೆಳಕು ಜಾಸ್ತಿ ಕೊಟ್ಟರೆ ಬೇಗ ಬಂದೀತು ಎಂಬ ಲೆಕ್ಕ. ಬಣ್ಣಗೆಟ್ಟ ಹವಳಕ್ಕೆ ಕೊಡೆಯೇ ಇಲ್ಲ. ಜೋರು ಬೆಳಕು ಅದರ ಮೈಯನ್ನು ಇನ್ನಷ್ಟು ಸುಡುತ್ತದೆ. ದೀಪವನ್ನು ಅರ್ಧಕ್ಕೆ ಇಳಿಸಿ, ಎರಡು ಮೂರು ವಾರದಲ್ಲಿ ಹಂತ ಹಂತವಾಗಿ ಹಿಂದಿನ ಮಟ್ಟಕ್ಕೆ ತನ್ನಿ. ನೀರಿನ ಓಟ ಮಾತ್ರ ಚೆನ್ನಾಗಿರಲಿ.

ಬಾಡಿಗೆ ನಿಂತಿರುವುದರಿಂದ ಯಜಮಾನ ಹಸಿದಿರುತ್ತಾನೆ. ಸಂಜೆ ಎಳೆಗಳು ಹೊರಬಂದಾಗ ಆರ್ಟೀಮಿಯಾ ಸಿಗಡಿ ಮರಿಯಂಥ ನುಣುಪಾದ ಆಹಾರವನ್ನು ಚಿಟಿಕೆಯಷ್ಟು, ವಾರಕ್ಕೆ ಎರಡು ಮೂರು ಸಲ ಕೊಡಬಹುದು. ಕರುಣೆ ಉಕ್ಕಿ ಹೆಚ್ಚು ಹಾಕಿದರೆ ಅದೇ ಕೊಳೆತು ಮತ್ತೆ ಅಮೋನಿಯಾ. ಹವಳವನ್ನು ದಿನಕ್ಕೊಂದು ಜಾಗಕ್ಕೆ ಎತ್ತಿಡುವುದೂ ಬೇಡ. ಚೇತರಿಕೆಯ ಮೊದಲ ಗುರುತು ಬಣ್ಣವಲ್ಲ, ಎಳೆಗಳು ಹೊರಚಾಚುವುದು. ಆಮೇಲೆ ಮಂಕು ಕಂದು. ನೀಲಿ, ನೇರಳೆಗಳು ಬರುವುದಕ್ಕೆ ತಿಂಗಳುಗಳೇ ಬೇಕಾದೀತು. ದಿನದ ಅಳತೆಗಳನ್ನು ನೋಟ್ ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿ. ಯಾವುದು ಯಾವುದರಿಂದ ಆಯಿತೆಂದು ಆ ಪುಟಗಳೇ ಹೇಳುತ್ತವೆ.

ಮೈ ಕಳಚುವುದು ಕೊಂಬೆಯ ಬುಡದಿಂದ ಮೇಲಕ್ಕೆ ಹಬ್ಬುತ್ತಿದ್ದರೆ ಕಾಯುತ್ತ ಕೂರಬಾರದು. ಆರೋಗ್ಯವಾಗಿರುವ ತುದಿಯನ್ನು ಕತ್ತರಿಸಿ ಬೇರೆ ಕಲ್ಲಿಗೆ ಅಂಟಿಸಿದರೆ ಅದಾದರೂ ಉಳಿಯುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಡೇವಿಡ್ ವಾನ್ ಎಂಬ ವಿಜ್ಞಾನಿ ತೊಟ್ಟಿಯ ತಳಕ್ಕೆ ಅಂಟಿದ್ದ ಹವಳವೊಂದನ್ನು ಎತ್ತುವಾಗ ಅದು ಮುರಿದು ಒಂದೆರಡು ಪಾಲಿಪ್‌ಗಳು ಅಲ್ಲೇ ಉಳಿದವು. ಸತ್ತೇ ಹೋದವು ಎಂದುಕೊಂಡಿದ್ದ ಆ ಚೂರುಗಳು ಕೆಲವು ವಾರಗಳಲ್ಲಿ ಮಾಮೂಲಿಗಿಂತ ಎಷ್ಟೋ ಪಟ್ಟು ವೇಗವಾಗಿ ಹಬ್ಬಿದ್ದವು. ಹವಳವನ್ನು ಚಿಕ್ಕ ಚೂರುಗಳಾಗಿ ಕತ್ತರಿಸಿ ಬೆಳೆಸಿ ಸಮುದ್ರಕ್ಕೆ ಮರಳಿಸುವ ವಿಧಾನ ಬೆಳೆದದ್ದು ಈ ಆಕಸ್ಮಿಕದಿಂದ.

ತಂದೆತಾಯಿಗಳಿಗೆ ಒಂದು ಎಚ್ಚರಿಕೆ. ಗುಂಡಿಯಂಥ ಮೆತ್ತನೆಯ ಝೊವಾಂತಿಡ್ ಜಾತಿಯ ಕೆಲವುಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷವಿದೆ. ಅಂಥ ಕಲ್ಲನ್ನು ಬಿಸಿನೀರಿನಲ್ಲಿ ತೊಳೆದು, ಕುದಿಸಿ, ಅದರ ಹಬೆಯಿಂದ ಇಡೀ ಕುಟುಂಬಗಳು ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ನಡೆದಿವೆ. ಕತ್ತರಿಸುವಾಗ ಕೈಗವಸು, ಕನ್ನಡಕ ಬೇಕೇಬೇಕು. ಮಕ್ಕಳು ಈ ಕೆಲಸಕ್ಕೆ ಕೈಹಾಕಬಾರದು.

ಹುಲಿಯ ಸಾಲಿನಲ್ಲಿ ಹವಳ

ಇಷ್ಟು ಓದಿ ನಾಳೆಯೇ ಹವಳ ತರಲು ಹೊರಟಿದ್ದರೆ ಸ್ವಲ್ಪ ತಾಳಿ. ದಿಬ್ಬ ಕಟ್ಟುವ ಹವಳಗಳನ್ನೂ ಕಪ್ಪು ಹವಳ, ಕಡಲ ಬೀಸಣಿಗೆಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಹುಲಿ, ಆನೆಗಳಿರುವ ಪಟ್ಟಿಯೇ ಅದು. ನಮ್ಮ ಕಡಲಿನ ಇಂಥ ಹವಳವನ್ನು ಕೀಳುವುದು, ಮಾರುವುದು, ಮನೆಯಲ್ಲಿಡುವುದು ಅಪರಾಧ. ಸಮುದ್ರ ತೀರದಿಂದ ನೆನಪಿಗೆಂದು ತಂದ ಸತ್ತ ತುಂಡಿಗೂ ಇದು ಅನ್ವಯ. ವಿದೇಶಿ ಹವಳಕ್ಕೂ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟುಪಾಡುಗಳಿವೆ. ಎಲ್ಲಿಂದ ಬಂತು ಎಂಬ ಕಾಗದಪತ್ರ ತೋರಿಸದ ಅಂಗಡಿಯಿಂದ ಏನನ್ನೂ ಕೊಳ್ಳಬೇಡಿ.

ಕರ್ನಾಟಕದ್ದೇ ಹವಳ ನೋಡಬೇಕೆಂದರೆ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪವಿದೆ. ತರಬೇತಾದವರ ಜೊತೆ ಮುಳುಗಿ ನೋಡಿ ಬರಬಹುದು. ಮುಟ್ಟುವಂತಿಲ್ಲ.

ಬಿಡದಿಯ ಮಕ್ಕಳಿಗೆ ಕೆಟ್ಟ ನೀರೆಂದರೆ ಏನೆಂದು ಪಾಠ ಹೇಳಬೇಕಿಲ್ಲ. ಬೆಂಗಳೂರಿನ ಚರಂಡಿ ನೀರನ್ನು ಹೊತ್ತ ವೃಷಭಾವತಿ ಪಕ್ಕದ ಬೈರಮಂಗಲ ಕೆರೆಗೆ ಬಂದು, ಮುಂದೆ ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಯಾಗಿ, ಬಂಗಾಳ ಕೊಲ್ಲಿಯತ್ತ ಸಾಗುತ್ತದೆ. ತೊಟ್ಟಿಯ ಕಿಟ್ಟಿನಲ್ಲಿ ಓದುವ ಅಮೋನಿಯಾ, ಫಾಸ್ಫೇಟ್ ಎಂಬ ಹೆಸರುಗಳೇ ಆ ನೀರಿನದೂ ಹೌದು. ಹವಳದ ತೊಟ್ಟಿಗೆ ಸ್ಕಿಮ್ಮರ್ ಎಂಬ ಉಪಕರಣ ಹಾಕುತ್ತಾರೆ. ಅದು ಗುಳ್ಳೆ ಎಬ್ಬಿಸಿ, ಕೊಳೆಯೆಲ್ಲ ನೊರೆಗೆ ಅಂಟುವಂತೆ ಮಾಡಿ, ಆ ನೊರೆಯನ್ನು ಬಟ್ಟಲಿನಲ್ಲಿ ಹಿಡಿದು ಹೊರಹಾಕುತ್ತದೆ. ವೃಷಭಾವತಿಯ ನೊರೆಯನ್ನು ಹಿಡಿಯುವ ಬಟ್ಟಲು ಮಾತ್ರ ಇಲ್ಲ.

ತೊಟ್ಟಿಯ ನೀರನ್ನು ಐದರಲ್ಲೊಂದು ಪಾಲು ಬದಲಿಸಬಹುದು, ದೀಪ ತಗ್ಗಿಸಬಹುದು. ಕಡಲಿಗೆ ಅದು ಸಾಧ್ಯವಿಲ್ಲ. 2023ರ ಬೇಸಿಗೆಯಲ್ಲಿ ಫ್ಲಾರಿಡಾದ ಸಮುದ್ರ ಕಾದಾಗ ಅಲ್ಲಿನವರು ಸಾವಿರಾರು ಹವಳಗಳನ್ನು ನೀರಿನಿಂದೆತ್ತಿ ದಡದ ತೊಟ್ಟಿಗಳಿಗೆ ಸಾಗಿಸಿದರು, ತಂಪಾದ ಮೇಲೆ ಮರಳಿಸತೊಡಗಿದರು. ಲಕ್ಷದ್ವೀಪದ ದಿಬ್ಬಗಳನ್ನು ಹಾಗೆ ಎತ್ತಿಡಲು ಯಾವ ತೊಟ್ಟಿಯೂ ಸಾಲದು. ಬಿಡದಿ ದಾಟಿ ಇದೇ ಹೆದ್ದಾರಿಯ ಕೊನೆಗೆ ಸಿಗುವ ಮೈಸೂರಿನಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆಯಿದೆ. ಅದರ ವಿಜ್ಞಾನಿಗಳು ಅಗತ್ತಿ, ಕದ್ಮತ್, ಕವರತ್ತಿ ದ್ವೀಪಗಳ ದಿಬ್ಬಗಳನ್ನು 1998ರಿಂದ 24 ವರ್ಷಗಳ ಕಾಲ ಅಳೆದಿದ್ದಾರೆ. ಜೀವಂತ ಹವಳದ ಹೊದಿಕೆ ಆ ಅವಧಿಯಲ್ಲಿ ಶೇಕಡಾ 37ರಿಂದ ಸುಮಾರು 19ಕ್ಕೆ ಇಳಿದಿದೆ. ನೀರು ಕಾದು ಹವಳ ಬೆಳ್ಳಗಾದ ವರ್ಷಗಳು 1998, 2010 ಮತ್ತು 2016. ಪ್ರತಿ ಸಲವೂ ದಿಬ್ಬ ಚೇತರಿಸಿಕೊಳ್ಳಲು ಹೊರಟಿದೆ. ಬಿಸಿಯ ಕಾಟವಿಲ್ಲದೆ ಆರು ವರ್ಷ ಕಳೆದ ಮೇಲೆ ಆ ಚೇತರಿಕೆ ವೇಗ ಪಡೆಯುತ್ತದೆ ಎಂಬುದು ಅವರು ಕಂಡುಕೊಂಡ ಅಂಶ. 2016ರ ನಂತರ ಲಕ್ಷದ್ವೀಪಕ್ಕೆ ಎಂಟು ವರ್ಷ ಸಿಕ್ಕಿತು. 2024ರ ಬೇಸಿಗೆಯಲ್ಲಿ ಅಲ್ಲಿನ ಹವಳ ಮತ್ತೆ ಬೆಳ್ಳಗಾಯಿತು.